ಸ್ವಿಚ್‌ಗೆ ದಾರಿ ಹೇಳಿಕೊಟ್ಟವರು ಯಾರು?

ಮೇಜಿನ ಮೇಲೆ ಒಂದು ಪುಟ್ಟ ಪೆಟ್ಟಿಗೆ ಇಟ್ಟಿದ್ದೇನೆ, ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ನೆಟ್‌ವರ್ಕ್ ಸ್ವಿಚ್. ಹಿಂದಿನ ಸಾಲಿನವರಿಗೆ ಕಾಣಿಸದಿದ್ದರೂ ಪರವಾಗಿಲ್ಲ, ನೋಡೋಕೆ ಅಂಥದ್ದೇನೂ ಇಲ್ಲ. ಎಂಟು ಪೋರ್ಟು, ಅಂದರೆ ಕೇಬಲ್ ಸಿಕ್ಕಿಸುವ ತೂತು, ಎಂಟು ಹಸಿರು ದೀಪ, ಒಂದು ಅಡಾಪ್ಟರ್, ಅಷ್ಟೇ. ಪರದೆ ಇಲ್ಲ, ಬಟನ್ ಇಲ್ಲ. ಇದಕ್ಕೆ ಲಾಗಿನ್ ಆಗುತ್ತೇನೆ ಅಂದರೂ ಆಗೋದಿಲ್ಲ. ಕರೆಂಟ್ ಕೊಟ್ಟು ಕೇಬಲ್ ಸಿಕ್ಕಿಸಿದರೆ ಕೆಲಸ ಶುರು.

ಒಂದನೇ ಪೋರ್ಟಿಗೆ ಲ್ಯಾಪ್‌ಟಾಪ್ ಹಾಕಿದ್ದೇನೆ. ಮೂರಕ್ಕೆ ಇನ್ನೊಂದು ಕಂಪ್ಯೂಟರ್, ಐದಕ್ಕೆ ಪ್ರಿಂಟರ್. ಯಾವುದು ಎಲ್ಲಿದೆ ಅಂತ ನಾನು ಈ ಪೆಟ್ಟಿಗೆಗೆ ಹೇಳಿಲ್ಲ. ಆದರೂ ಲ್ಯಾಪ್‌ಟಾಪಿನಿಂದ ಕಳಿಸಿದ ಪುಟ ಸೀದಾ ಪ್ರಿಂಟರಿಗೆ ಹೋಗುತ್ತದೆ. ಮೂರನೇ ಪೋರ್ಟಿನವರಿಗೆ ಅದರ ಸುಳಿವೇ ಸಿಗೋದಿಲ್ಲ. ಇದಕ್ಕೆ ದಾರಿ ಗೊತ್ತಾಗಿದ್ದು ಹೇಗೆ?

ಉತ್ತರ ಚಿಕ್ಕದು. ಸ್ವಿಚ್ ಯಾರನ್ನೂ ಏನೂ ಕೇಳುವುದಿಲ್ಲ. ತನ್ನ ಮೂಲಕ ಹಾದುಹೋಗುವುದನ್ನು ನೋಡುತ್ತದೆ, ಕಂಡದ್ದನ್ನು ಬರೆದಿಟ್ಟುಕೊಳ್ಳುತ್ತದೆ, ಬರೆದದ್ದನ್ನು ಪೂರ್ತಿ ನಂಬುತ್ತದೆ. ನೆಟ್‌ವರ್ಕ್ ಸಲೀಸಾಗಿ ನಡೆಯೋದು ಇದರಿಂದಲೇ. ಕೈಕೊಟ್ಟಾಗ ತಡಕಾಡಿ ನೋಡಿದರೆ ಎಷ್ಟೋ ಸಲ ಕಾರಣವೂ ಈ ನಂಬಿಕೆಯೇ ಆಗಿರುತ್ತದೆ.

ಎಲ್ಲರಿಗೂ ಒಂದೇ ತಂತಿ ಇದ್ದ ಕಾಲ

ಸ್ವಿಚ್ ಯಾಕೆ ಬೇಕಾಯಿತು ಅಂತ ಅರ್ಥವಾಗಬೇಕಾದರೆ ಅದಿಲ್ಲದ ಕಾಲವನ್ನು ಸ್ವಲ್ಪ ನೋಡಬೇಕು. 1973ರಲ್ಲಿ ಕ್ಸೆರಾಕ್ಸ್ ಕಂಪನಿಯ ಪಾಲೋ ಆಲ್ಟೋ ಸಂಶೋಧನಾ ಕೇಂದ್ರದಲ್ಲಿ ಬಾಬ್ ಮೆಟ್‌ಕಾಫ್ ಮತ್ತು ಡೇವಿಡ್ ಬಾಗ್ಸ್ ಈಥರ್ನೆಟ್ ಅನ್ನುವ, ಕಂಪ್ಯೂಟರುಗಳನ್ನು ತಂತಿಯಿಂದ ಜೋಡಿಸುವ ವ್ಯವಸ್ಥೆ ಕಟ್ಟಲು ಕೂತರು. ಹವಾಯಿ ದ್ವೀಪಗಳ ನಡುವೆ ರೇಡಿಯೊ ಮೂಲಕ ನಡೆಯುತ್ತಿದ್ದ ಅಲೋಹಾ ನೆಟ್‌ವರ್ಕ್ ಅವರಿಗೆ ದಾರಿ ತೋರಿಸಿತ್ತು. ಅಲ್ಲಿ ಗಾಳಿ ಎಲ್ಲರಿಗೂ ಒಂದೇ, ಇಲ್ಲಿ ತಂತಿ ಎಲ್ಲರಿಗೂ ಒಂದೇ. ಕಟ್ಟಡದ ಉದ್ದಕ್ಕೂ ಒಂದು ಕೋಆಕ್ಸಿಯಲ್ ಕೇಬಲ್. ಎಲ್ಲ ಕಂಪ್ಯೂಟರುಗಳೂ ಅದಕ್ಕೇ ಜೋತುಬಿದ್ದಿರುತ್ತಿದ್ದವು. ವೇಗ ಸೆಕೆಂಡಿಗೆ 2.94 ಮೆಗಾಬಿಟ್. 1980ರಲ್ಲಿ ಡಿಜಿಟಲ್, ಇಂಟೆಲ್ ಮತ್ತು ಕ್ಸೆರಾಕ್ಸ್ ಕಂಪನಿಗಳು ಸೇರಿ ಅದನ್ನು 10 ಮೆಗಾಬಿಟ್‌ಗೆ ಏರಿಸಿ ಪ್ರಕಟಿಸಿದವು. 1983ರಲ್ಲಿ ಎಂಜಿನಿಯರುಗಳ ಸಂಸ್ಥೆ ಐಇಇಇಯಿಂದ 802.3 ಅನ್ನುವ ಮಾನದಂಡ ಬಂತು.

ಒಂದೇ ತಂತಿ ಅಂದಮೇಲೆ ಒಬ್ಬರು ಕಳಿಸಿದ್ದು ಎಲ್ಲರಿಗೂ ಕೇಳಿಸುತ್ತದೆ. ಪ್ರತಿ ನೆಟ್‌ವರ್ಕ್ ಕಾರ್ಡ್ ಬಂದದ್ದರ ವಿಳಾಸ ನೋಡಿ, ತನ್ನದಲ್ಲದಿದ್ದರೆ ಬಿಸಾಡಬೇಕು. ಇಬ್ಬರು ಒಟ್ಟಿಗೇ ಕಳಿಸಿದರೆ ಎರಡೂ ಡಿಕ್ಕಿಯಾಗಿ ಹಾಳು. ಆಗ ಇಬ್ಬರೂ ನಿಲ್ಲಿಸಬೇಕು, ಮನಸ್ಸಿಗೆ ಬಂದಷ್ಟು ಹೊತ್ತು ಕಾಯಬೇಕು, ಮತ್ತೆ ಕಳಿಸಬೇಕು. ಮತ್ತೆ ಡಿಕ್ಕಿಯಾದರೆ ಕಾಯುವ ಹೊತ್ತಿನ ಮಿತಿ ಇಮ್ಮಡಿ. ಹದಿನಾರು ಸಲವೂ ಆಗದಿದ್ದರೆ ಕಾರ್ಡ್ ಕೈಚೆಲ್ಲುತ್ತದೆ. ಹತ್ತಾರು ಯಂತ್ರ ಇದ್ದಾಗ ಇದು ಚೆನ್ನಾಗಿಯೇ ನಡೆಯಿತು. ಯಂತ್ರಗಳು ಜಾಸ್ತಿಯಾದ ಹಾಗೆ ಎಲ್ಲರ ಪಾಲೂ ಕಡಿಮೆಯಾಗುತ್ತಾ ಹೋಯಿತು.

1990ರ ಹೊತ್ತಿಗೆ ದಪ್ಪ ಕೇಬಲ್ ಹೋಗಿ, ಈಗ ನಾವು ನೋಡುವ ಜೋಡಿ ತಿರುಚಿದ ತಂತಿ ಬಂತು. ಎಲ್ಲ ತಂತಿಗಳೂ ಒಂದು ಹಬ್‌ಗೆ ಬಂದು ಸೇರುತ್ತಿದ್ದವು. ಹೊರಗಿನಿಂದ ನೋಡಿದರೆ ಹಬ್ಬೂ ಸ್ವಿಚ್ಚೂ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಆದರೆ ಹಬ್‌ಗೆ ವಿಳಾಸ ಅಂದರೆ ಏನು ಅಂತಲೇ ಗೊತ್ತಿಲ್ಲ. ಒಂದು ಪೋರ್ಟಿನಲ್ಲಿ ಬಂದ ವಿದ್ಯುತ್ ಸಂಕೇತವನ್ನು ಉಳಿದೆಲ್ಲ ಪೋರ್ಟುಗಳಿಗೂ ಜೋರು ಮಾಡಿ ಕಳಿಸುವುದಷ್ಟೇ ಅದರ ಕೆಲಸ. ಒಳಗೆ ಅದೇ ಹಳೆಯ ಒಂದೇ ತಂತಿ.

ಇದರ ಮಧ್ಯೆಯೇ ಬ್ರಿಜ್ ಅನ್ನುವುದು ಹುಟ್ಟಿಕೊಂಡಿತ್ತು. ಎರಡು ತಂತಿಗಳ ನಡುವೆ ಕೂತು, ಈ ಕಡೆಯದು ಆ ಕಡೆಗೆ ಹೋಗಬೇಕೋ ಬೇಡವೋ ಅಂತ ನೋಡಿ ಬಿಡುವ ಪೆಟ್ಟಿಗೆ ಅದು. 1980ರ ದಶಕದ ನಡುವಿನಲ್ಲಿ ಡಿಜಿಟಲ್ ಕಂಪನಿಯಲ್ಲಿ ಇದರ ಮೇಲೆ ಬಹಳ ಕೆಲಸ ನಡೆಯಿತು. ಪಕ್ಕದಲ್ಲಿ ಯಾರಿದ್ದಾರೆ ಅಂತ ತಾನಾಗಿಯೇ ಕಲಿಯುವ ಉಪಾಯ ಬ್ರಿಜ್‌ನಲ್ಲೇ ಇತ್ತು. 1990ರಲ್ಲಿ ಕಲ್ಪನಾ ಅನ್ನುವ ಅಮೆರಿಕದ ಕಂಪನಿ ಏಳು ಪೋರ್ಟಿನ ಈಥರ್‌ಸ್ವಿಚ್ ತಂದಿತು. ವಿನೋದ್ ಭಾರದ್ವಾಜ್ ಮತ್ತು ಲ್ಯಾರಿ ಬ್ಲೇರ್ ಕಟ್ಟಿದ ಕಂಪನಿ ಅದು. 1994ರಲ್ಲಿ ಸಿಸ್ಕೊ ಅದನ್ನು ಕೊಂಡುಕೊಂಡಿತು. ನನ್ನನ್ನು ಕೇಳಿದರೆ, ಸ್ವಿಚ್ ಅಂದರೆ ಪೋರ್ಟು ಜಾಸ್ತಿ ಇರುವ, ತುಂಬಾ ಚುರುಕಾದ ಬ್ರಿಜ್. ಕಲಿಯುವ ರೀತಿಯಲ್ಲಿ ಹೊಸದೇನೂ ಇರಲಿಲ್ಲ.

ಎರಡು ಫ್ರೇಮಿನಲ್ಲಿ ಮುಗಿಯುವ ಪಾಠ

ಈಥರ್ನೆಟ್‌ನಲ್ಲಿ ಹರಿದಾಡುವ ಒಂದೊಂದು ತುಂಡಿಗೂ ಫ್ರೇಮ್ ಅಂತಾರೆ. ಅದರ ಮೊದಲ 6 ಬೈಟ್ ಯಾರಿಗೆ ಅನ್ನುವ ವಿಳಾಸ. ಮುಂದಿನ 6 ಬೈಟ್ ಯಾರಿಂದ ಅನ್ನುವುದು. ಆಮೇಲೆ 2 ಬೈಟ್, ಒಳಗಿರುವ ಸರಕು ಯಾವ ಬಗೆಯದು ಅಂತ. ಆಮೇಲೆ ಸರಕು, 46ರಿಂದ 1500 ಬೈಟ್. ಕೊನೆಯ 4 ಬೈಟ್, ದಾರಿಯಲ್ಲಿ ಏನಾದರೂ ಕೆಟ್ಟಿದೆಯಾ ಅಂತ ಪರೀಕ್ಷಿಸಲು. ಎಲ್ಲ ಸೇರಿ ಕನಿಷ್ಠ 64, ಗರಿಷ್ಠ 1518 ಬೈಟ್.

ಈ 6 ಬೈಟಿನ ವಿಳಾಸವೇ ಮ್ಯಾಕ್ ವಿಳಾಸ. 48 ಬಿಟ್ ಇರುವುದರಿಂದ ಸುಮಾರು 281 ಲಕ್ಷ ಕೋಟಿ ವಿಳಾಸಗಳಿಗೆ ಜಾಗ ಇದೆ. ಮೊದಲ ಅರ್ಧವನ್ನು ತಯಾರಕರಿಗೆ ಐಇಇಇ ಹಂಚುತ್ತದೆ. ಉಳಿದರ್ಧ ತಯಾರಕರೇ ಕೊಡುವ ಸಂಖ್ಯೆ. ಇಂಟರ್ನೆಟ್ಟಿನಲ್ಲಿ ಬಳಸುವ ಐಪಿ ವಿಳಾಸದ ಗೋಜಿಗೆ ಈ ಪೆಟ್ಟಿಗೆ ಹೋಗುವುದೇ ಇಲ್ಲ. ಫ್ರೇಮಿನೊಳಗೆ ಐಪಿ ಇದೆಯೋ ಬೇರೇನಾದರೂ ಇದೆಯೋ, ಅದಕ್ಕೆ ಚಿಂತೆಯಿಲ್ಲ.

ಈಗ ನಿಧಾನವಾಗಿ ನೋಡೋಣ. ಪೆಟ್ಟಿಗೆಯ ಕರೆಂಟ್ ತೆಗೆದು ಮತ್ತೆ ಹಾಕುತ್ತೇನೆ. ಅದರ ಪಟ್ಟಿ ಈಗ ಖಾಲಿ. ಲ್ಯಾಪ್‌ಟಾಪಿಗೆ ಪ್ರಿಂಟರಿನ ಐಪಿ ಗೊತ್ತು, ಮ್ಯಾಕ್ ಗೊತ್ತಿಲ್ಲ. ಹಾಗಾಗಿ ಅದು ಮೊದಲು ಒಂದು ಎಆರ್‌ಪಿ ಪ್ರಶ್ನೆ ಕಳಿಸುತ್ತದೆ: ಈ ಐಪಿ ಯಾರದಪ್ಪಾ, ನಿಮ್ಮ ಮ್ಯಾಕ್ ಹೇಳಿ. ಯಾರಿಗೆ ಅನ್ನುವ ಜಾಗದಲ್ಲಿ 48 ಬಿಟ್‌ಗಳೂ 1 ಅಂತಲೇ ಇರುತ್ತವೆ. ಇದು ಬ್ರಾಡ್‌ಕಾಸ್ಟ್, ಊರಿಗೆಲ್ಲ ಡಂಗುರ ಹೊಡೆದ ಹಾಗೆ.

ಫ್ರೇಮ್ ಒಂದನೇ ಪೋರ್ಟಿನಿಂದ ಒಳಗೆ ಬಂತು. ಸ್ವಿಚ್ ಮೊದಲು ಯಾರಿಂದ ಅನ್ನುವುದನ್ನು ಓದುತ್ತದೆ. ಲ್ಯಾಪ್‌ಟಾಪಿನ ಮ್ಯಾಕ್ ಕಂಡಿತು, ಬಂದ ಬಾಗಿಲು ಒಂದು. ಪಟ್ಟಿಯಲ್ಲಿ ಬರೆದುಕೊಂಡಿತು. ಆಮೇಲೆ ಯಾರಿಗೆ ಅನ್ನುವುದನ್ನು ನೋಡಿತು. ಎಲ್ಲರಿಗೂ ಅಂತ ಇದೆ. ಬಂದ ಪೋರ್ಟೊಂದನ್ನು ಬಿಟ್ಟು ಉಳಿದೆಲ್ಲ ಕಡೆಗೂ ಕಳಿಸಿತು. ಮೂರನೇ ಪೋರ್ಟಿನ ದೀಪವೂ ಒಂದು ಸಲ ಮಿನುಗಿತು, ನೋಡಿ.

ಪ್ರಿಂಟರ್ ಉತ್ತರ ಕೊಟ್ಟಿತು. ಈ ಫ್ರೇಮ್ ಐದನೇ ಪೋರ್ಟಿನಿಂದ ಬಂತು. ಯಾರಿಂದ? ಪ್ರಿಂಟರಿನಿಂದ. ಬರೆದುಕೊಂಡಿತು, ಪ್ರಿಂಟರ್ ಐದರಲ್ಲಿ. ಯಾರಿಗೆ? ಲ್ಯಾಪ್‌ಟಾಪಿಗೆ. ಅದು ಪಟ್ಟಿಯಲ್ಲಿ ಆಗಲೇ ಇದೆ, ಒಂದನೇ ಪೋರ್ಟು. ಅಲ್ಲಿಗೆ ಮಾತ್ರ ಕಳಿಸಿತು. ಪಾಠ ಮುಗಿಯಿತು. ಇನ್ನು ಮುಂದೆ ನೂರು ಪುಟ ಪ್ರಿಂಟ್ ಹೊಡೆದರೂ ಆ ಫ್ರೇಮುಗಳು ಮೂರನೇ ಪೋರ್ಟಿನ ಕಡೆ ಹೋಗುವುದಿಲ್ಲ.

ಗಮನಿಸಿದಿರಾ? ಕಲಿಯುವುದಕ್ಕೆ ಅದು ನೋಡಿದ್ದು ಯಾರಿಂದ ಅನ್ನುವುದನ್ನು ಮಾತ್ರ. ಕಳಿಸುವುದಕ್ಕೆ ನೋಡಿದ್ದು ಯಾರಿಗೆ ಅನ್ನುವುದನ್ನು. ಬಹಳ ಜನ ಇದನ್ನು ತಿರುಗುಮುರುಗು ಮಾಡಿಕೊಳ್ಳುತ್ತಾರೆ. ಯಾರಿಗೆ ಅನ್ನುವ ವಿಳಾಸ ಪಟ್ಟಿಯಲ್ಲಿ ಇಲ್ಲದಿದ್ದರೆ ಸ್ವಿಚ್ ಫ್ರೇಮನ್ನು ಎಸೆಯುವುದಿಲ್ಲ, ಕಳಿಸಿದವರಿಗೆ ದೂರನ್ನೂ ಹೇಳುವುದಿಲ್ಲ. ಎಲ್ಲ ಪೋರ್ಟುಗಳಿಗೂ ಹರಿಬಿಡುತ್ತದೆ. ಇದಕ್ಕೆ ಫ್ಲಡಿಂಗ್ ಅಂತಾರೆ. ಎಲ್ಲಿದ್ದಾನೋ ಗೊತ್ತಿಲ್ಲ, ಎಲ್ಲ ಕಡೆ ಕಳಿಸಿದರೆ ಸಿಕ್ಕೇ ಸಿಗುತ್ತಾನೆ ಅನ್ನುವ ಲೆಕ್ಕ. ಅವನು ಉತ್ತರ ಕೊಟ್ಟ ಕ್ಷಣ ಜಾಗ ಗೊತ್ತಾಗುತ್ತದೆ.

ಮರೆಯುವುದೂ ಕೆಲಸವೇ

ಪಟ್ಟಿಯಲ್ಲಿ ಬರೆದದ್ದು ಶಾಶ್ವತ ಅಲ್ಲ. ಸಾಮಾನ್ಯವಾಗಿ 300 ಸೆಕೆಂಡ್ ಆ ವಿಳಾಸದಿಂದ ಒಂದೂ ಫ್ರೇಮ್ ಬರದಿದ್ದರೆ ಅದನ್ನು ಅಳಿಸಿಹಾಕುತ್ತದೆ. ಫ್ರೇಮ್ ಬಂದಾಗಲೆಲ್ಲ ಗಡಿಯಾರ ಮತ್ತೆ ಸೊನ್ನೆಗೆ. ಕೇಬಲ್ ಕಿತ್ತರೆ ಆ ಪೋರ್ಟಿನ ನಮೂದುಗಳು ಸಾಮಾನ್ಯವಾಗಿ ತಕ್ಷಣವೇ ಹೋಗುತ್ತವೆ. ಲ್ಯಾಪ್‌ಟಾಪನ್ನು ಒಂದರಿಂದ ಏಳಕ್ಕೆ ಬದಲಾಯಿಸಿದರೆ, ಅಲ್ಲಿಂದ ಬರುವ ಮೊದಲ ಫ್ರೇಮೇ ಹಳೆಯದನ್ನು ತಿದ್ದಿಬಿಡುತ್ತದೆ.

ತೊಂದರೆ ಬರುವುದು ಜಾಗ ಬದಲಾಯಿಸಿಯೂ ಬಾಯಿ ಬಿಡದವರಿಂದ. ಡೇಟಾ ಸೆಂಟರುಗಳಲ್ಲಿ ಓಡುತ್ತಿರುವ ವರ್ಚುವಲ್ ಮಷೀನನ್ನು, ಅಂದರೆ ಸರ್ವರಿನೊಳಗೆ ಸಾಫ್ಟ್‌ವೇರಾಗಿ ಓಡುವ ಕಂಪ್ಯೂಟರನ್ನು, ಒಂದು ಸರ್ವರಿನಿಂದ ಇನ್ನೊಂದಕ್ಕೆ ಎತ್ತಿಡುತ್ತಾರೆ. ಮ್ಯಾಕ್ ಅದೇ, ಐಪಿ ಅದೇ, ಆದರೆ ಹಿಂದಿರುವ ಪೋರ್ಟ್ ಬೇರೆ. ಯಾವ ಕೇಬಲ್ಲೂ ಕಿತ್ತಿಲ್ಲ, ಹಾಗಾಗಿ ಸ್ವಿಚ್‌ಗೆ ಏನೂ ಗೊತ್ತಾಗುವುದಿಲ್ಲ. ಅದಕ್ಕೆ ಬರುವ ಫ್ರೇಮುಗಳನ್ನೆಲ್ಲ ಹಳೆಯ ಸರ್ವರಿಗೇ ಕಳಿಸುತ್ತಾ ಕೂತಿರುತ್ತದೆ. ಇದನ್ನು ತಪ್ಪಿಸಲು ಹೊಸ ಸರ್ವರಿನಲ್ಲಿ ಇಂಥ ಮಷೀನುಗಳನ್ನು ಓಡಿಸುವ ಹೈಪರ್‌ವೈಸರ್ ಅನ್ನುವ ಸಾಫ್ಟ್‌ವೇರ್, ಬಂದ ಮಷೀನಿನ ಹೆಸರಿನಲ್ಲಿ ತಾನೇ ಒಂದು ಬ್ರಾಡ್‌ಕಾಸ್ಟ್ ಫ್ರೇಮ್ ಹೊರಡಿಸುತ್ತದೆ. ಅದರೊಳಗೆ ಏನಿದೆ ಅನ್ನುವುದು ಮುಖ್ಯ ಅಲ್ಲ. ಯಾರಿಂದ ಅನ್ನುವ ಜಾಗದಲ್ಲಿ ಆ ಮ್ಯಾಕ್ ಇರಬೇಕು, ಹೊಸ ಬಾಗಿಲಿನಿಂದ ಬರಬೇಕು. ದಾರಿಯಲ್ಲಿರುವ ಎಲ್ಲ ಸ್ವಿಚ್ಚುಗಳ ಪಟ್ಟಿಯೂ ಒಂದೇ ಏಟಿಗೆ ಸರಿಯಾಗುತ್ತದೆ. ಸ್ವಿಚ್ ಕೇಳದಿದ್ದರೂ ಅದರ ಕಣ್ಣಿಗೆ ಬೀಳುವ ಹಾಗೆ ಮಾಡಬಹುದು, ಅಲ್ವಾ?

ಇನ್ನೊಂದು ಇದೆ, ಇದನ್ನು ಕಂಡುಹಿಡಿಯುವುದಕ್ಕೆ ತಲೆ ಕೆಡುತ್ತದೆ. ಬೇರೆ ಯಂತ್ರಗಳಿಂದ ಲಾಗ್, ಅಂದರೆ ನಡೆದದ್ದರ ದಾಖಲೆ, ತೆಗೆದುಕೊಳ್ಳುವ ಒಂದು ಸರ್ವರ್ ಇದೆ ಅಂದುಕೊಳ್ಳಿ. ಅದಕ್ಕೆ ಯುಡಿಪಿಯಲ್ಲಿ, ಅಂದರೆ ಉತ್ತರಕ್ಕೆ ಕಾಯದೆ ಕಳಿಸುವ ವಿಧಾನದಲ್ಲಿ, ಸಂದೇಶ ಸುರಿಯುತ್ತಲೇ ಇರುತ್ತದೆ. ಅದು ಉತ್ತರ ಕೊಡಬೇಕಾಗಿಲ್ಲ. ಐದು ನಿಮಿಷ ಸುಮ್ಮನಿತ್ತು. ಸ್ವಿಚ್ ಅದರ ವಿಳಾಸ ಮರೆಯಿತು. ಆದರೆ ಆ ಸಂದೇಶಗಳನ್ನು ತಲುಪಿಸುತ್ತಿರುವ ರೂಟರಿಗೆ, ಅಂದರೆ ಒಂದು ನೆಟ್‌ವರ್ಕಿನಿಂದ ಇನ್ನೊಂದಕ್ಕೆ ದಾಟಿಸುವ ಪೆಟ್ಟಿಗೆಗೆ, ಅದರ ಮ್ಯಾಕ್ ಇನ್ನೂ ನೆನಪಿದೆ. ಸಿಸ್ಕೊ ರೂಟರುಗಳಲ್ಲಿ ಎಆರ್‌ಪಿ ನೆನಪು ಮಾಮೂಲಾಗಿ 4 ಗಂಟೆ ಇರುತ್ತದೆ. ಹಾಗಾಗಿ ರೂಟರ್ ಮತ್ತೆ ಎಆರ್‌ಪಿ ಕೇಳುವುದಿಲ್ಲ, ಸರ್ವರ್ ಬಾಯಿ ಬಿಡುವುದಿಲ್ಲ. ಸ್ವಿಚ್ ಪಾಪ, ಅಷ್ಟೂ ಫ್ರೇಮುಗಳನ್ನು ಎಲ್ಲ ಪೋರ್ಟುಗಳಿಗೂ ಹರಿಬಿಡುತ್ತಾ ಇರುತ್ತದೆ. ಸಂಬಂಧವೇ ಇಲ್ಲದ ಕಂಪ್ಯೂಟರುಗಳ ದೀಪ ಎಡೆಬಿಡದೆ ಮಿನುಗುತ್ತದೆ, ನೆಟ್‌ವರ್ಕ್ ಯಾಕೋ ನಿಧಾನ ಅಂತ ಎಲ್ಲರೂ ಗೊಣಗುತ್ತಾರೆ. ಕೆಟ್ಟುಹೋದ ಭಾಗ ಒಂದೂ ಇಲ್ಲ. ಎರಡು ಗಡಿಯಾರಗಳು ಹೊಂದದಿರುವುದೇ ಕಾಯಿಲೆ. ರೂಟರಿನ ಎಆರ್‌ಪಿ ಅವಧಿಯನ್ನು ಸ್ವಿಚ್‌ನ ಅವಧಿಗಿಂತ ಕಡಿಮೆ ಮಾಡಿದರೆ ವಾಸಿ.

ಚಿಪ್‌ನೊಳಗಿನ ಅವಸರ

ಇಷ್ಟೇ ಕೆಲಸ ಆದರೆ ಒಂದು ಸಾಧಾರಣ ಕಂಪ್ಯೂಟರಿಗೆ ನಾಲ್ಕು ಕಾರ್ಡ್ ಹಾಕಿ ಮಾಡಿಸಬಹುದಲ್ಲ ಅಂತ ಅನಿಸಬಹುದು. ಮಾಡಿಸಬಹುದು, ನಡೆಯುತ್ತದೆ ಕೂಡ. ಆದರೆ ಲೆಕ್ಕ ನೋಡಿ. 64 ಬೈಟಿನ ಫ್ರೇಮಿಗೆ ಮುಂದೆ 8 ಬೈಟ್ ಪೀಠಿಕೆ, ಹಿಂದೆ 12 ಬೈಟಿನಷ್ಟು ಬಿಡುವು. ಒಟ್ಟು 84 ಬೈಟ್, ಅಂದರೆ 672 ಬಿಟ್. ಗಿಗಾಬಿಟ್ ತಂತಿಯಲ್ಲಿ ಒಂದೊಂದು ಬಿಟ್‌ಗೆ ಒಂದು ನ್ಯಾನೊಸೆಕೆಂಡ್. ಹಾಗಾದರೆ 672 ನ್ಯಾನೊಸೆಕೆಂಡಿಗೆ ಒಂದು ಫ್ರೇಮ್, ಸೆಕೆಂಡಿಗೆ ಸುಮಾರು 14.88 ಲಕ್ಷ. ಅದೂ ಒಂದೇ ಪೋರ್ಟಿಗೆ. 24 ಪೋರ್ಟ್ ಇದ್ದರೆ ಸೆಕೆಂಡಿಗೆ 3.57 ಕೋಟಿ. ಪ್ರತಿ ಫ್ರೇಮಿಗೂ ಪಟ್ಟಿಯನ್ನು ಎರಡು ಸಲ ನೋಡಬೇಕು, ಒಮ್ಮೆ ಬರೆಯೋಕೆ, ಒಮ್ಮೆ ಹುಡುಕೋಕೆ. ಅದಕ್ಕೇ ಈ ಕೆಲಸಕ್ಕೆಂದೇ ಮಾಡಿದ ಚಿಪ್ ಬೇಕಾಗುತ್ತದೆ. ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದುತ್ತಾ ಕೂರುವುದಿಲ್ಲ. ಮ್ಯಾಕ್ ಕೊಟ್ಟರೆ ಅದು ಇರಬಹುದಾದ ಜಾಗಕ್ಕೇ ಸೀದಾ ಹೋಗುವ ಹಾಗೆ ನೆನಪನ್ನು ಜೋಡಿಸಿರುತ್ತಾರೆ.

ಡಬ್ಬದ ಮೇಲೆ 16 ಗಿಗಾಬಿಟ್ ಸ್ವಿಚಿಂಗ್ ಸಾಮರ್ಥ್ಯ ಅಂತ ಬರೆದಿರುತ್ತದೆ. ಎಂಟು ಪೋರ್ಟು, ಎರಡೂ ದಿಕ್ಕು, ಒಂದೊಂದು ಗಿಗಾಬಿಟ್. ಗುಣಿಸಿದರೆ 16. ಅದರಲ್ಲಿ ಮಹಾ ಗುಟ್ಟೇನೂ ಇಲ್ಲ. ಎಲ್ಲರೂ ಒಟ್ಟಿಗೆ ಪೂರ್ತಿ ವೇಗದಲ್ಲಿ ಓಡಿದರೂ ಒಳಗೆ ಇಕ್ಕಟ್ಟಾಗುವುದಿಲ್ಲ ಅನ್ನುವ ಭರವಸೆ ಅಷ್ಟೇ.

ಆದರೆ ಹೊರಗೆ ಇಕ್ಕಟ್ಟಾಗಬಹುದು. ಒಂದನೇ ಮತ್ತು ಮೂರನೇ ಪೋರ್ಟಿನವರು ಇಬ್ಬರೂ ಐದನೇ ಪೋರ್ಟಿಗೆ ಪೂರ್ತಿ ವೇಗದಲ್ಲಿ ಕಳಿಸಿದರೆ? ಎರಡು ಗಿಗಾಬಿಟ್ ಬರುತ್ತಿದೆ, ಹೊರಗೆ ಹೋಗುವುದು ಒಂದು. ಮಿಕ್ಕಿದ್ದು ಬಫರ್‌ನಲ್ಲಿ, ಅಂದರೆ ಸ್ವಿಚ್ಚಿನೊಳಗಿನ ತಾತ್ಕಾಲಿಕ ನೆನಪಿನಲ್ಲಿ, ಸಾಲಾಗಿ ನಿಲ್ಲಬೇಕು. ಬಫರ್ ಅರ್ಧ ಮೆಗಾಬೈಟ್ ಇದೆ ಅಂದುಕೊಳ್ಳಿ. ಸೆಕೆಂಡಿಗೆ 125 ಮೆಗಾಬೈಟ್ ಮಿಕ್ಕುತ್ತಿದ್ದರೆ 4 ಮಿಲಿಸೆಕೆಂಡಿನಲ್ಲಿ ಅದು ತುಂಬಿಹೋಯಿತು. ಆಮೇಲೆ ಬಂದ ಫ್ರೇಮುಗಳನ್ನು ಎಸೆಯುತ್ತದೆ. ಯಾರಿಗೂ ಹೇಳುವುದೂ ಇಲ್ಲ. ಕಳಿಸುವ ಕಂಪ್ಯೂಟರಿನಲ್ಲಿರುವ ಟಿಸಿಪಿ ಅನ್ನುವ ವಿಧಾನ ಈ ನಷ್ಟ ನೋಡಿ ತಾನೇ ನಿಧಾನ ಮಾಡಿಕೊಳ್ಳುತ್ತದೆ, ಹಾಗಾಗಿ ನಮಗೆ ಅಷ್ಟಾಗಿ ಗೊತ್ತಾಗುವುದಿಲ್ಲ. ಸ್ವಿಚ್ ಬಂದಮೇಲೆ ಡಿಕ್ಕಿ ಹೋಯಿತು, ನಷ್ಟ ಹೋಗಲಿಲ್ಲ.

ಸಾಲು ಎಲ್ಲಿ ನಿಲ್ಲಿಸಬೇಕು ಅನ್ನುವುದೂ ಒಂದು ಪ್ರಶ್ನೆಯೇ. ಒಳಬರುವ ಬಾಗಿಲಲ್ಲೇ ಒಂದೇ ಸಾಲು ಮಾಡಿದರೆ, ಮುಂದೆ ನಿಂತವನ ದಾರಿ ಖಾಲಿಯಿಲ್ಲ ಅಂತ ಹಿಂದಿನವನೂ ಕಾಯಬೇಕು, ಅವನ ದಾರಿ ಖಾಲಿ ಇದ್ದರೂ. 1987ರಲ್ಲಿ ಇದನ್ನು ಲೆಕ್ಕ ಹಾಕಿದರು. ಫ್ರೇಮುಗಳು ಯಾವ್ಯಾವುದೋ ಪೋರ್ಟಿಗೆ ಸಮವಾಗಿ ಹೋಗುತ್ತಿದ್ದರೆ, ಪೋರ್ಟು ಹೆಚ್ಚಿದಂತೆ ಇಂಥ ಸ್ವಿಚ್ ತನ್ನ ಸಾಮರ್ಥ್ಯದ ಸುಮಾರು 58.6 ಶೇಕಡಾ ಮಾತ್ರ ಬಳಸಬಲ್ಲದು ಅಂತ ತಿಳಿಯಿತು. ಅದಕ್ಕೇ ದೊಡ್ಡ ಸ್ವಿಚ್ಚುಗಳು ಹೊರಹೋಗುವ ಒಂದೊಂದು ಪೋರ್ಟಿಗೂ ಬೇರೆ ಬೇರೆ ಸಾಲು ಇಟ್ಟುಕೊಳ್ಳುತ್ತವೆ.

ಫ್ರೇಮ್ ಪೂರ್ತಿ ಬರುವವರೆಗೆ ಕಾಯಬೇಕೋ ಬೇಡವೋ? ಯಾರಿಗೆ ಅನ್ನುವುದು ಮೊದಲ 6 ಬೈಟಿನಲ್ಲೇ ಇದೆ. ಅದನ್ನು ಓದಿದ ಕೂಡಲೇ ಮುಂದಕ್ಕೆ ಹರಿಸಲು ಶುರು ಮಾಡಬಹುದು. ಕಲ್ಪನಾ ಕಂಪನಿ ಮಾಡಿದ್ದೇ ಅದು. 10 ಮೆಗಾಬಿಟ್‌ನಲ್ಲಿ ದೊಡ್ಡ ಫ್ರೇಮ್ ಪೂರ್ತಿ ಬರಲು 1.2 ಮಿಲಿಸೆಕೆಂಡ್ ಬೇಕು, ಆ ಕಾಲಕ್ಕೆ ಅದು ದೊಡ್ಡ ಉಳಿತಾಯ. ಗಿಗಾಬಿಟ್‌ನಲ್ಲಿ ಅದೇ ಫ್ರೇಮಿಗೆ 12 ಮೈಕ್ರೊಸೆಕೆಂಡ್ ಸಾಕು. ಈಗ ಮನೆ, ಆಫೀಸಿನ ಸ್ವಿಚ್ಚುಗಳು ಪೂರ್ತಿ ತೆಗೆದುಕೊಂಡು, ಕೊನೆಯ 4 ಬೈಟ್ ಪರೀಕ್ಷಿಸಿ, ಸರಿಯಿದ್ದರೆ ಮಾತ್ರ ಕಳಿಸುತ್ತವೆ. ಕೆಟ್ಟ ಫ್ರೇಮ್ ಅಲ್ಲೇ ನಿಲ್ಲುತ್ತದೆ. ಓದುತ್ತಲೇ ಕಳಿಸುವ ಸ್ವಿಚ್ಚುಗಳು ಷೇರು ವಹಿವಾಟಿನಂಥ ಕಡೆ ಇನ್ನೂ ಇವೆ. ಅಲ್ಲಿ ಮೈಕ್ರೊಸೆಕೆಂಡಿಗೂ ಬೆಲೆ ಇದೆ.

ಸ್ವಿಚ್‌ನಿಂದಾದ ಇನ್ನೊಂದು ಲಾಭ, ಪ್ರತಿ ಕೇಬಲ್ಲಿನಲ್ಲೂ ಈಗ ಇಬ್ಬರೇ. ಒಂದು ತುದಿಗೆ ಕಂಪ್ಯೂಟರ್, ಇನ್ನೊಂದಕ್ಕೆ ಸ್ವಿಚ್. ಇಬ್ಬರೂ ಒಟ್ಟಿಗೇ ಕಳಿಸಬಹುದು, ಪಡೆಯಬಹುದು. ಇದು ಫುಲ್ ಡ್ಯುಪ್ಲೆಕ್ಸ್, 1997ರಲ್ಲಿ ಮಾನದಂಡಕ್ಕೆ ಸೇರಿತು. ಇಲ್ಲೊಂದು ಕಿವಿಮಾತು. ಒಂದು ತುದಿಯನ್ನು ಆಟೋದಲ್ಲಿ, ಅಂದರೆ ವೇಗ ತಾನೇ ಮಾತಾಡಿಕೊಳ್ಳಲಿ ಅಂತ, ಬಿಟ್ಟು ಇನ್ನೊಂದು ತುದಿಗೆ 100 ಮೆಗಾಬಿಟ್ ಫುಲ್ ಡ್ಯುಪ್ಲೆಕ್ಸ್ ಅಂತ ಕೈಯಿಂದ ಹಾಕಬೇಡಿ. ಆಟೋದಲ್ಲಿರುವ ತುದಿ ಉತ್ತರ ಸಿಗದೆ ಹಾಫ್ ಡ್ಯುಪ್ಲೆಕ್ಸ್‌ಗೆ, ಅಂದರೆ ಒಮ್ಮೆಗೆ ಒಬ್ಬರೇ ಕಳಿಸುವ ರೀತಿಗೆ, ಇಳಿಯುತ್ತದೆ. ದೀಪ ಉರಿಯುತ್ತದೆ, ಇದ್ದೀಯಾ ಅಂತ ಕೇಳುವ ಪಿಂಗ್‌ಗೆ ಉತ್ತರ ಬರುತ್ತದೆ, ಫೈಲ್ ಕಾಪಿ ಮಾಡಿದರೆ ಮಾತ್ರ ತೆವಳುತ್ತದೆ. ಎರಡೂ ಕಡೆ ಆಟೋ ಇರಲಿ.

ಒಂದು ಕೇಬಲ್ ಸಾಕು ಮುಳುಗಿಸೋಕೆ

ಈಗ ಎಲ್ಲರೂ ಇಲ್ಲಿ ನೋಡಿ. ಒಂದು ಕೇಬಲ್ ತೆಗೆದು ಅದರ ಎರಡೂ ತುದಿಗಳನ್ನು ಇದೇ ಸ್ವಿಚ್ಚಿನ ಏಳು ಮತ್ತು ಎಂಟನೇ ಪೋರ್ಟಿಗೆ ಹಾಕುತ್ತೇನೆ. ಕೆಲವು ಪೆಟ್ಟಿಗೆಗಳಲ್ಲಿ ಇದನ್ನು ಪತ್ತೆಹಚ್ಚುವ ವ್ಯವಸ್ಥೆ ಇರುತ್ತದೆ, ಇದರಲ್ಲಿ ಇಲ್ಲ. ಸದ್ಯ ಏನೂ ಆಗಿಲ್ಲ. ಲ್ಯಾಪ್‌ಟಾಪಿನಿಂದ ಒಂದೇ ಒಂದು ಬ್ರಾಡ್‌ಕಾಸ್ಟ್ ಹೊರಡಲಿ.

ಎಲ್ಲ ದೀಪಗಳೂ ಒಟ್ಟಿಗೇ ಹುಚ್ಚು ಹಿಡಿದ ಹಾಗೆ ಮಿನುಗುತ್ತಿವೆ. ಆಗಿದ್ದು ಇಷ್ಟು. ಒಂದರಿಂದ ಬಂದ ಫ್ರೇಮನ್ನು ಸ್ವಿಚ್ ಏಳಕ್ಕೂ ಎಂಟಕ್ಕೂ ಕಳಿಸಿತು. ಏಳರಿಂದ ಹೊರಟಿದ್ದು ಕೇಬಲ್ ಸುತ್ತಿ ಎಂಟರಿಂದ ಒಳಗೆ ಬಂತು. ಸ್ವಿಚ್‌ಗೆ ಇದು ಹೊಸ ಫ್ರೇಮ್. ಮತ್ತೆ ಎಲ್ಲರಿಗೂ ಕಳಿಸಿತು, ಏಳಕ್ಕೂ ಸೇರಿ. ಎಂಟರಿಂದ ಹೊರಟಿದ್ದು ಏಳರಿಂದ ಬಂತು, ಅದೂ ಹಾಗೇ. ಎರಡು ಪ್ರತಿಗಳು ಎದುರುಬದುರು ದಿಕ್ಕಿನಲ್ಲಿ ಸೆಕೆಂಡಿಗೆ ಲಕ್ಷಗಟ್ಟಲೆ ಸುತ್ತು ಹೊಡೆಯುತ್ತವೆ. ಪ್ರತಿ ಸುತ್ತಿಗೂ ಎಲ್ಲ ಕಂಪ್ಯೂಟರುಗಳಿಗೂ ಒಂದೊಂದು ಪ್ರತಿ. ಐಪಿ ಪ್ಯಾಕೆಟ್ಟಿನಲ್ಲಿ ಟಿಟಿಎಲ್ ಅಂತ ಒಂದು ಎಣಿಕೆ ಇರುತ್ತದೆ, ರೂಟರ್ ದಾಟಿದಾಗಲೆಲ್ಲ ಒಂದು ಕಳೆದು ಸೊನ್ನೆಯಾದಾಗ ಸಾಯುತ್ತದೆ. ಈಥರ್ನೆಟ್ ಫ್ರೇಮಿನಲ್ಲಿ ಅಂಥದ್ದೇನೂ ಇಲ್ಲ. ಯಾರಾದರೂ ಕೇಬಲ್ ಕೀಳುವವರೆಗೆ ಅದಕ್ಕೆ ಸಾವಿಲ್ಲ.

ಇದಕ್ಕಿಂತ ಕೆಟ್ಟದ್ದು ಪಟ್ಟಿಯೊಳಗೆ ನಡೆಯುತ್ತಿದೆ. ಸುತ್ತುವ ಫ್ರೇಮಿನಲ್ಲಿ ಯಾರಿಂದ ಅನ್ನುವ ಜಾಗದಲ್ಲಿ ಲ್ಯಾಪ್‌ಟಾಪಿನ ವಿಳಾಸ ಇದೆ. ಅದು ಎಂಟರಿಂದ ಬಂದಾಗ ಲ್ಯಾಪ್‌ಟಾಪ್ ಎಂಟರಲ್ಲಿದೆ ಅಂತ ಸ್ವಿಚ್ ಬರೆಯುತ್ತದೆ. ಏಳರಿಂದ ಬಂದಾಗ ಏಳು. ಕಂಡದ್ದನ್ನು ನಂಬುವುದೇ ಅದರ ಸ್ವಭಾವ. ಈಗ ಪ್ರಿಂಟರ್ ಲ್ಯಾಪ್‌ಟಾಪಿಗೆ ಏನಾದರೂ ಕಳಿಸಿದರೆ ಅದು ಒಂದನೇ ಪೋರ್ಟಿಗೆ ಹೋಗುವುದಿಲ್ಲ, ಆ ಸುತ್ತಿಗೆ ಬಿದ್ದು ಕಳೆದುಹೋಗುತ್ತದೆ. ಕೇಬಲ್ ಕಿತ್ತೆ. ನೋಡಿ, ಎರಡು ಕ್ಷಣದಲ್ಲಿ ಎಲ್ಲ ಶಾಂತ.

ಬೇಕಂತಲೇ ಯಾರೂ ಹೀಗೆ ಮಾಡೋದಿಲ್ಲ. ಮೇಜಿನ ಕೆಳಗೆ ಒಂದು ಕೇಬಲ್ಲಿನ ತುದಿ ಬಿದ್ದಿರುತ್ತದೆ, ಗುಡಿಸುವಾಗಲೋ ಕುರ್ಚಿ ಸರಿಸುವಾಗಲೋ ಯಾರೋ ಒಳ್ಳೆಯ ಮನಸ್ಸಿನಿಂದ ಗೋಡೆಯ ಸಾಕೆಟ್ಟಿಗೆ ಸಿಕ್ಕಿಸುತ್ತಾರೆ. ಹಾಗಂತ ಸುತ್ತುದಾರಿಯೇ ಬೇಡ ಅನ್ನುವಂತಿಲ್ಲ. ಒಂದು ಕೇಬಲ್ ಹೋದರೆ ಇನ್ನೊಂದು ಇರಲಿ ಅಂತ ಎರಡು ದಾರಿ ಇಡುವುದು ವಿವೇಕ. ಎರಡು ದಾರಿ ಇಟ್ಟರೆ ಸುತ್ತು ತಾನಾಗಿ ಬರುತ್ತದೆ.

ಈ ಗಂಟನ್ನು ಬಿಡಿಸಿದವರು ರೇಡಿಯಾ ಪರ್ಲ್‌ಮನ್. 1985ರಲ್ಲಿ ಡಿಜಿಟಲ್ ಕಂಪನಿಯಲ್ಲಿದ್ದಾಗ ಸ್ಪ್ಯಾನಿಂಗ್ ಟ್ರೀ ಅನ್ನುವ ವಿಧಾನ ರೂಪಿಸಿದರು. ಸ್ವಿಚ್ಚುಗಳು 2 ಸೆಕೆಂಡಿಗೊಮ್ಮೆ ತಮ್ಮತಮ್ಮಲ್ಲೇ ಚಿಕ್ಕ ಸಂದೇಶ ಕಳಿಸಿಕೊಂಡು ಒಬ್ಬನನ್ನು ಬೇರು ಅಂತ ಆರಿಸುತ್ತವೆ. ಉಳಿದವರು ಆ ಬೇರಿಗೆ ಹತ್ತಿರದ ದಾರಿ ಇಟ್ಟುಕೊಂಡು, ಸುತ್ತು ಉಂಟುಮಾಡುವ ಪೋರ್ಟುಗಳ ಬಾಯಿ ಮುಚ್ಚುತ್ತಾರೆ. ಕೇಬಲ್ ಅಲ್ಲೇ ಇರುತ್ತದೆ, ಬೇಕಾದಾಗ ತೆರೆಯಲು.

ಬೇರಿನ ಆಯ್ಕೆ ಮಾತ್ರ ಸ್ವಲ್ಪ ತಮಾಷೆಯಾಗಿದೆ. ಎಲ್ಲ ಸ್ವಿಚ್ಚುಗಳಿಗೂ ಮಾಮೂಲಾಗಿ ಒಂದೇ ಆದ್ಯತೆ, 32768. ಸಮ ಬಂದಾಗ ಯಾರ ಮ್ಯಾಕ್ ಸಣ್ಣ ಸಂಖ್ಯೆಯೋ ಅವರೇ ಬೇರು. ಒಂದೇ ತಯಾರಕರ ಪೆಟ್ಟಿಗೆಗಳಲ್ಲಿ ಸಣ್ಣ ಸಂಖ್ಯೆ ಅಂದರೆ ಬಹುಮಟ್ಟಿಗೆ ಹಳೆಯ ಪೆಟ್ಟಿಗೆ. ಹೀಗೆ ಯಾವುದೋ ಮೂಲೆಯಲ್ಲಿ ಧೂಳು ತಿನ್ನುತ್ತಿರುವ ಮುದಿ ಸ್ವಿಚ್ ಇಡೀ ನೆಟ್‌ವರ್ಕಿನ ಬೇರಾಗಿ ಕೂತುಬಿಡಬಹುದು. ನಡುವಿನ ದೊಡ್ಡ ಸ್ವಿಚ್ಚಿಗೆ ಕೈಯಿಂದಲೇ ಕಡಿಮೆ ಸಂಖ್ಯೆ ಕೊಡಿ. ಎರಡು ನಿಮಿಷದ ಕೆಲಸ, ಬಹಳ ಜನ ಮಾಡಿರೋದಿಲ್ಲ.

ಹಳೆಯ ಸ್ಪ್ಯಾನಿಂಗ್ ಟ್ರೀ ನಿಧಾನಿ. ಪೋರ್ಟ್ ತೆರೆಯುವ ಮೊದಲು 15 ಸೆಕೆಂಡ್ ಆಲಿಸುತ್ತದೆ, 15 ಸೆಕೆಂಡ್ ಕಲಿಯುತ್ತದೆ. ಅಷ್ಟರಲ್ಲಿ ಕಂಪ್ಯೂಟರ್ ತನಗೊಂದು ಐಪಿ ವಿಳಾಸ ಕೊಡಿ ಅಂತ ಕೇಳಿ ಕೇಳಿ ಸಾಕಾಗಿ ಕೈಬಿಟ್ಟಿರುತ್ತದೆ. ಕಂಪ್ಯೂಟರ್ ಇರುವ ಪೋರ್ಟುಗಳನ್ನು ಎಡ್ಜ್ ಪೋರ್ಟ್ ಅಂತ ಗುರುತಿಸಿದರೆ ಈ ಕಾಯುವಿಕೆ ಇಲ್ಲ. 2001ರಲ್ಲಿ ಬಂದ ಹೊಸ ರೂಪ ಸಾಮಾನ್ಯವಾಗಿ ಕೆಲವೇ ಸೆಕೆಂಡುಗಳಲ್ಲಿ, ಎಷ್ಟೋ ಸಲ ಅದಕ್ಕೂ ಬೇಗ ದಾರಿ ಬದಲಿಸುತ್ತದೆ.

ಈ ವಿಧಾನವನ್ನೂ ಎಳೆದಾಡಬಾರದು. 2002ರ ನವೆಂಬರಿನಲ್ಲಿ ಬಾಸ್ಟನ್ನಿನ ಬೆತ್ ಇಸ್ರೇಲ್ ಡೀಕನೆಸ್ ಆಸ್ಪತ್ರೆಯ ನೆಟ್‌ವರ್ಕ್ ಕುಸಿಯಿತು. ವರ್ಷಗಟ್ಟಲೆ ಸ್ವಿಚ್‌ಗೆ ಸ್ವಿಚ್ ಸೇರಿಸುತ್ತಾ ಹೋಗಿ, ಸ್ಪ್ಯಾನಿಂಗ್ ಟ್ರೀ ತಾಳುವ ಏಳು ಹೆಜ್ಜೆಯ ಆಳವನ್ನು ಅದು ಮೀರಿತ್ತು. ವೈದ್ಯರು, ದಾದಿಯರು ದಿನಗಟ್ಟಲೆ ಕಾಗದದಲ್ಲಿ ಬರೆದು ಕೆಲಸ ನಡೆಸಿದರು.

ದೊಡ್ಡ ನೆಟ್‌ವರ್ಕನ್ನು ತುಂಡು ಮಾಡಲು ವಿಎಲ್ಯಾನ್ ಇದೆ, 1998ರ 802.1ಕ್ಯೂ ಮಾನದಂಡ. ಫ್ರೇಮಿಗೆ 4 ಬೈಟಿನ ಚೀಟಿ ಅಂಟಿಸುತ್ತದೆ. ಅದರಲ್ಲಿ 12 ಬಿಟ್ ಗುಂಪಿನ ಸಂಖ್ಯೆ, ಹೀಗೆ 4094 ಗುಂಪು ಸಾಧ್ಯ. ಒಂದು ಗುಂಪಿನ ಡಂಗುರ ಇನ್ನೊಂದಕ್ಕೆ ಕೇಳಿಸುವುದಿಲ್ಲ. ಗುಂಪು ದಾಟಬೇಕಾದರೆ ರೂಟರ್ ಬೇಕು.

ಸಭೆಯಿಂದ ಬಂದ ಎರಡು ಪ್ರಶ್ನೆ

ಸ್ವಿಚ್ ಇದ್ದರೆ ಬೇರೆಯವರ ಮಾತು ಕದ್ದು ಕೇಳೋಕೆ ಆಗಲ್ಲ ಅಲ್ವಾ ಅಂತ ಒಬ್ಬರು ಕೇಳಿದರು. ಹಬ್‌ಗಿಂತ ಕಷ್ಟ, ಅಷ್ಟೇ. ಪಟ್ಟಿಗೆ ಮಿತಿ ಇದೆ, ಸಣ್ಣ ಸ್ವಿಚ್ಚುಗಳಲ್ಲಿ ಸಾಮಾನ್ಯವಾಗಿ ಕೆಲವು ಸಾವಿರ ವಿಳಾಸ. ಯಾರಿಂದ ಅನ್ನುವ ಜಾಗದಲ್ಲಿ ಸುಳ್ಳು ವಿಳಾಸ ಹಾಕಿದ ಫ್ರೇಮುಗಳನ್ನು ಸಾವಿರಗಟ್ಟಲೆ ಕಳಿಸಿದರೆ ಅದು ಎಲ್ಲವನ್ನೂ ನಂಬಿ ಬರೆದುಕೊಳ್ಳುತ್ತದೆ. ಪಟ್ಟಿ ತುಂಬಿದಮೇಲೆ ನಿಜವಾದವರಿಗೆ ಜಾಗ ಇಲ್ಲ, ಅವರಿಗೆ ಬರುವುದೆಲ್ಲ ಎಲ್ಲರಿಗೂ ಹರಿಯುತ್ತದೆ. ಒಂದು ಪೋರ್ಟಿಗೆ ಇಷ್ಟೇ ವಿಳಾಸ ಅಂತ ಮಿತಿ ಹಾಕುವ ಪೋರ್ಟ್ ಸೆಕ್ಯುರಿಟಿ ಅದಕ್ಕೇ ಇರುವುದು. ಎಆರ್‌ಪಿಗೆ ಸುಳ್ಳು ಉತ್ತರ ಕೊಡುವ ಆಟ ಬೇರೆ. ಅಲ್ಲಿ ಮೋಸ ಹೋಗುವುದು ಕಂಪ್ಯೂಟರ್, ಸ್ವಿಚ್ ಅಲ್ಲ. ಗುಟ್ಟಿನ ವಿಷಯ ಇದ್ದರೆ ಎನ್‌ಕ್ರಿಪ್ಟ್ ಮಾಡಿಯೇ ಕಳಿಸಿ.

ಇನ್ನೊಬ್ಬರದು ನೇರ ಪ್ರಶ್ನೆ: ಯಾವುದೋ ಗುರುತಿಲ್ಲದ ಯಂತ್ರ ನೆಟ್‌ವರ್ಕಿನಲ್ಲಿದೆ, ಎಲ್ಲಿದೆ ಅಂತ ಹುಡುಕುವುದು ಹೇಗೆ? ಮ್ಯಾನೇಜ್ಡ್ ಸ್ವಿಚ್, ಅಂದರೆ ಲಾಗಿನ್ ಆಗಿ ಪಟ್ಟಿ ನೋಡಬಹುದಾದ ಸ್ವಿಚ್, ಇದ್ದರೆ ಸುಲಭ. ಮೊದಲು ಆ ಐಪಿಗೆ ಪಿಂಗ್ ಮಾಡಿ. ಅದು ಬಾಯಿ ಬಿಟ್ಟರೆ ಪಟ್ಟಿಗಳೆಲ್ಲ ತಾಜಾ ಆಗುತ್ತವೆ. ಎಆರ್‌ಪಿ ಪಟ್ಟಿಯಿಂದ ಮ್ಯಾಕ್ ತೆಗೆದುಕೊಳ್ಳಿ. ನಡುವಿನ ಸ್ವಿಚ್‌ಗೆ ಹೋಗಿ ಅದರ ಮ್ಯಾಕ್ ಪಟ್ಟಿಯಲ್ಲಿ ಹುಡುಕಿ. ಅದು ತೋರಿಸುವ ಪೋರ್ಟಿನಲ್ಲಿ ಇನ್ನೂ ನಲವತ್ತು ವಿಳಾಸ ಇದ್ದರೆ ಆ ಕಡೆ ಇನ್ನೊಂದು ಸ್ವಿಚ್ ಅಥವಾ ವೈಫೈ ಪೆಟ್ಟಿಗೆ ಇದೆ ಅಂತ. ಅಲ್ಲಿಗೆ ಹೋಗಿ ಮತ್ತೆ ಅದೇ ಹುಡುಕಾಟ. ಕೊನೆಗೆ ಅದೊಂದೇ ವಿಳಾಸ ಕಾಣುವ ಪೋರ್ಟ್ ಸಿಗುತ್ತದೆ. ಆ ಕೇಬಲ್ ಹಿಡಿದು ಹೋದರೆ ಯಂತ್ರ ಸಿಕ್ಕಿತು.